ಮ್ಯಾನಿಫೋಲ್ಡ್ ಬದಲಾವಣೆ: ಹನ್ನೆರಡು ಬೋಲ್ಟುಗಳ ಪಾಠ

ಡೀಸೆಲ್ ಮೆಕ್ಯಾನಿಕ್ ವೃತ್ತಿಯ ತರಬೇತಿದಾರರಿಗೆ ನಾನು ಕೊಟ್ಟ ಅಭ್ಯಾಸ ಪಾಠಗಳಲ್ಲಿ ‘ಎಂಜಿನ್ ಬದಲಿಸಿದ ಲಾರಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೊಂದಿಸುವುದು’ ಎಂಬ ಘಟಕ ಎರಡು ಅವಧಿಯದು. ಉದ್ದೇಶಗಳನ್ನು ಬರೆಯುವಾಗ ಮಾರ್ಗದರ್ಶಕ ಅಧ್ಯಾಪಕರಿಗೂ ನನಗೂ ಒಮ್ಮತವಾಗಲಿಲ್ಲ. ಬಿಚ್ಚುವುದು, ಒರೆಸುವುದು, ಕೂರಿಸುವುದು, ಬಿಗಿಸುವುದು. ಕೌಶಲದ ಪಾಠ ಇಷ್ಟಕ್ಕೇ ನಿಲ್ಲಲಿ ಎಂದು ಅವರು. ಬಿಗಿಸುವ ಕ್ರಮದ ಹಿಂದಿನ ಕಾರಣ ತಿಳಿಯದಿದ್ದರೆ ಹುಡುಗರು ಗ್ಯಾರೇಜು ಸೇರಿದ ವಾರದಲ್ಲೇ ಕ್ರಮವನ್ನು ಬಿಡುತ್ತಾರೆ ಎಂದು ನಾನು. ಕೊನೆಗೆ ಮೊದಲ ಅವಧಿ ಕಪ್ಪುಹಲಗೆಗೆ, ಎರಡನೆಯದು ಪಾನಕ್ಕೆ ಎಂದು ತೀರ್ಮಾನವಾಯಿತು.

ಆಯ್ದುಕೊಂಡ ಎಂಜಿನ್ 6 ಬಿಟಿ. ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ನಮ್ಮ ಲಾರಿಗಳಿಗೆ ಬಂದು ಪರಿಚಿತವಾದ 5.9 ಲೀಟರಿನ, ಆರು ಸಿಲಿಂಡರಿನ ಎಂಜಿನ್ ಇದು. ಹೆಡ್ಡಿನಲ್ಲಿ ಆರು ಎಕ್ಸಾಸ್ಟ್ ಪೋರ್ಟುಗಳು. ಪ್ರತಿಯೊಂದಕ್ಕೂ ಬೇರೆಯೇ ಗ್ಯಾಸ್ಕೆಟ್, ಎರಡೆರಡು ಬೋಲ್ಟು. ಎಂಜಿನ್ ಬದಲಿಸುವವರಿಗೆ ಮ್ಯಾನಿಫೋಲ್ಡ್ ಯಾಕೆ ತೊಡಕು ಎಂಬುದನ್ನು ಪೀಠಿಕೆಯಲ್ಲೇ ಹೇಳಿದೆ. ಜನರೇಟರಿನಲ್ಲಿದ್ದ ಎಂಜಿನ್ನನ್ನು ಲಾರಿಯ ಚಾಸಿಗೆ ಇಳಿಸಿದರೆ ಟರ್ಬೊ ಎಲ್ಲೋ ತಾಗುತ್ತದೆ. ಸ್ಟೀರಿಂಗ್ ಬಾಕ್ಸಿಗೋ, ಚಾಸಿಯ ಪಟ್ಟಿಗೋ, ಕ್ಯಾಬಿನ್ನಿನ ತಗಡಿಗೋ. ಆಗ ಟರ್ಬೊ ಕೂರುವ ಫ್ಲೇಂಜ್ ಬೇರೆ ಜಾಗದಲ್ಲಿರುವ ಮ್ಯಾನಿಫೋಲ್ಡ್ ಹುಡುಕಬೇಕು. (ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೇ ಇದೆ ಎಂಬುದನ್ನೂ ಹೇಳಿದೆ. ಗ್ಯಾರೇಜಿನಲ್ಲಿ ಇದನ್ನು ಹೇಳುವವರು ಕಡಿಮೆ.)

ಮ್ಯಾನಿಫೋಲ್ಡಿನ ಟರ್ಬೊ ಫ್ಲೇಂಜನ್ನು ಮೇಜಿನ ಮೇಲಿಟ್ಟು ‘ಇದರಲ್ಲಿ ಎರಡು ಕಿಂಡಿ ಯಾಕೆ?’ ಎಂದು ಕೇಳಿದೆ. ಹೊಗೆ ಬೇಗ ಹೋಗಲಿ ಅಂತ ಸಾರ್, ಎಂದರು. ದಹನ ಕ್ರಮ 1-5-3-6-2-4 ಎಂದು ಬರೆದು, 1, 2, 3ಕ್ಕೆ ಕೆಂಪು ಸೀಮೆಸುಣ್ಣದಲ್ಲಿ, 4, 5, 6ಕ್ಕೆ ಹಳದಿಯಲ್ಲಿ ಸುತ್ತು ಹಾಕಲು ಒಬ್ಬನನ್ನು ಕರೆದೆ. ಕೆಂಪು, ಹಳದಿ, ಕೆಂಪು, ಹಳದಿ! ಮುಂದಿನ ಮೂರು ಸಿಲಿಂಡರುಗಳ ಹೊಗೆ ಒಂದು ಕಿಂಡಿಗೆ, ಹಿಂದಿನ ಮೂರರದು ಇನ್ನೊಂದಕ್ಕೆ. ಒಂದೇ ಕಿಂಡಿಯಲ್ಲಿ ಎರಡು ತಳ್ಳುಗಳ ನಡುವೆ ಕ್ರ್ಯಾಂಕ್ 240 ಡಿಗ್ರಿ ತಿರುಗಿರುತ್ತದೆ. ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ, ಟರ್ಬೊ ಚಕ್ರಕ್ಕೆ ಪೆಟ್ಟು ಗಟ್ಟಿಯಾಗಿ ಬೀಳುತ್ತದೆ. ಹಾಗಾದರೆ ಒಂದೇ ಕಿಂಡಿಯ ಮ್ಯಾನಿಫೋಲ್ಡಿಗೆ ಎರಡು ಕಿಂಡಿಯ ಟರ್ಬೊ ಕೂರಿಸಿದರೆ? ಉತ್ತರ ಅವರಿಂದಲೇ ಬಂತು.

ಅವಧಿಯ ಬಹುಭಾಗವನ್ನು ನುಂಗಿದ್ದು ಬೋಲ್ಟುಗಳ ಪ್ರಶ್ನೆ. ಮ್ಯಾನಿಫೋಲ್ಡಿನ ತೂತು ಬೋಲ್ಟಿಗಿಂತ ದೊಡ್ಡದು. ಬೆರಳಿನಲ್ಲಿ ಅಲ್ಲಾಡಿಸಿದರೆ ಸಡಿಲ ಗೊತ್ತಾಗುತ್ತದೆ. ಇದು ತಯಾರಿಕೆಯ ದೋಷವೇ? ಕಮ್ಮಾರರ ಮನೆಯ ಹುಡುಗನೊಬ್ಬ ಗಾಡಿ ಚಕ್ರಕ್ಕೆ ಪಟ್ಟಾ ಕಾಯಿಸಿ ಹಾಕುವುದನ್ನು ವಿವರಿಸಿದ. ನಾನು ಹುಡುಕುತ್ತಿದ್ದ ಪೂರ್ವಜ್ಞಾನ ಅದೇ. ಲೆಕ್ಕ ಮಾಡಿಸಿದೆ. ಮೊದಲ ಪೋರ್ಟಿನಿಂದ ಕೊನೆಯದಕ್ಕೆ 600 ಮಿ.ಮೀ. ಎಂದುಕೊಳ್ಳಿ, ಎರಕದ ಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಸುಮಾರು 0.000011 ಭಾಗ ಹಿಗ್ಗುತ್ತದೆ. ಮ್ಯಾನಿಫೋಲ್ಡ್ 30ರಿಂದ 500 ಡಿಗ್ರಿಗೆ ಕಾದರೆ 3.1 ಮಿ.ಮೀ.; ನೀರಿನಿಂದ ತಣಿಯುವ ಹೆಡ್ 90 ಡಿಗ್ರಿಗೆ ಕಾದರೆ ಬರೀ 0.4. ವ್ಯತ್ಯಾಸ 2.7 ಮಿ.ಮೀ. ಅದಕ್ಕೆ ಜಾರಲು ಜಾಗ ಬೇಕಲ್ಲವೇ?

ಆಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿರಲಿಲ್ಲ: “ಆರಿದ ಮೇಲೆ ಮೊದಲಿನಷ್ಟೇ ಆಗಬೇಕಲ್ಲ ಸಾರ್? ಹಳೇ ಮ್ಯಾನಿಫೋಲ್ಡ್ ಗಿಡ್ಡ ಆಗಿರುತ್ತೆ, ತೂತು ಕೂರಲ್ಲ ಅಂತಾರಲ್ಲ?” ಬೇಸಿಗೆ ರಜೆಯಲ್ಲಿ ಗ್ಯಾರೇಜಿನಲ್ಲಿ ದುಡಿದ ಹುಡುಗ. ಅವನು ಕೇಳಿದ್ದು ನಿಜ. ಜೇಡಿಮಣ್ಣಿನ ಒಂದು ಉಂಡೆಯನ್ನು ಬತ್ತಿಯಂತೆ ಹೊಸೆದು ಎರಡು ಮರದ ತುಂಡುಗಳ ನಡುವೆ ಒತ್ತಿ ತೋರಿಸಿದೆ: ದಪ್ಪವಾಯಿತು, ತೆಗೆದಾಗ ಗಿಡ್ಡವಾಗಿಯೇ ಉಳಿಯಿತು. ಕಾದು ಮೆದುವಾದ ಕಬ್ಬಿಣ ಹಿಗ್ಗಲು ಹೊರಟಾಗ ಬೋಲ್ಟುಗಳು ಬಿಡದಿದ್ದರೆ ಅದು ತನ್ನೊಳಗೇ ಒತ್ತಿಕೊಳ್ಳುತ್ತದೆ. ಆರುವಾಗ ಆ ಗಿಡ್ಡ ಅಳತೆಯಿಂದ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದರೆ ತುದಿಯ ಬೋಲ್ಟುಗಳು ಅಡ್ಡಕ್ಕೆ ಎಳೆಸಿಕೊಂಡು ಮುರಿಯುತ್ತವೆ. ಜೇಡಿಮಣ್ಣು ಹಿಗ್ಗುವುದಿಲ್ಲ, ಆದ್ದರಿಂದ ಈ ಹೋಲಿಕೆ ಅರ್ಧ ಮಾತ್ರ ಎಂದೂ ಹೇಳಿದೆ. ಹೋಲಿಕೆಯ ಗಡಿಯನ್ನು ಮಕ್ಕಳಿಗೆ ತೋರಿಸದೆ ಬಿಡುವ ಅಭ್ಯಾಸ ನಮ್ಮ ಪಾಠಗಳಲ್ಲಿ ಹೆಚ್ಚು.

ಅದೇ ಹುಡುಗ ಮುಂದುವರಿಸಿದ: “ನಮ್ಮ ಉಸ್ತಾದ್ ತುದಿಯ ಬೋಲ್ಟುಗಳನ್ನೇ ಮೊದಲು ಬಿಗಿಸ್ತಾರೆ, ಮ್ಯಾನಿಫೋಲ್ಡ್ ಬೀಳದೆ ಇರಲಿ ಅಂತ.” ತರಗತಿ ನನ್ನ ಮುಖ ನೋಡಿತು. ಉಸ್ತಾದರನ್ನು ತಪ್ಪೆಂದರೆ ಹುಡುಗ ನನ್ನನ್ನು ಬಿಡುತ್ತಾನೆ, ಸರಿಯೆಂದರೆ ಪಾಠ ಬಿದ್ದುಹೋಗುತ್ತದೆ. ಭಾರದ ಮ್ಯಾನಿಫೋಲ್ಡನ್ನು ಒಬ್ಬರೇ ಹಿಡಿದು ನಿಲ್ಲಿಸಲು ತುದಿಯ ಬೋಲ್ಟು ಕೈಬೆರಳಲ್ಲಿ ಹತ್ತಿಸುವುದು ಜಾಣತನವೇ. ಪಾನ ಹಾಕುವ ಕ್ರಮ ಮಾತ್ರ ಬೇರೆ ಎಂದೆ. ತುದಿಗಳನ್ನು ಮೊದಲು ಬಿಗಿದರೆ ನಡುವಿನ ಭಾಗ ಸರಿದು ಕೂರಲು ಜಾಗವಿರುವುದಿಲ್ಲ. ನಡುವಿನಿಂದ ಹೊರಕ್ಕೆ ಹೋದರೆ ತುದಿಗಳು ಕೊನೆಯವರೆಗೂ ಸ್ವತಂತ್ರ.

ಎರಡನೆಯ ಅವಧಿಯಲ್ಲಿ ಕೈಗಳೇ ಮಾತಾಡಿದವು. ಹೆಡ್ಡಿನ ಮುಖದ ಮಸಿ ಕೆರೆದರು, ಮ್ಯಾನಿಫೋಲ್ಡಿನ ಮುಖಕ್ಕೆ ನೇರಪಟ್ಟಿ ಇಟ್ಟು ಫೀಲರ್ ಗೇಜು ತೂರಿಸಿ ನೋಡಿದರು. ಬೋಲ್ಟುಗಳನ್ನು ಕೈಯಲ್ಲಿ ಹತ್ತಿಸಿ, ನಡುವಿನಿಂದ ಹೊರಕ್ಕೆ, ಎರಡು ಹಂತದಲ್ಲಿ 43 ನ್ಯೂಟನ್ ಮೀಟರಿಗೆ ಬಿಗಿದರು. ಉದ್ದ ಪೈಪು ಸಿಕ್ಕಿಸಿ ಬಿಗಿಯುವ ಆಸೆ ಇಬ್ಬರಿಗಿತ್ತು. ಹೆಡ್ಡಿನೊಳಗೆ ಮುರಿದ ಬೋಲ್ಟಿನ ತುಂಡು ತೆಗೆಯಲು ಡ್ರಿಲ್ ಹಿಡಿಯಬೇಕಾದೀತು ಎಂದ ಮೇಲೆ ಪೈಪು ಮೂಲೆ ಸೇರಿತು. ಟರ್ಬೊ ಕೂರಿಸುವಾಗ ಹೊಸ ಕೋನಕ್ಕೆ ಹೌಸಿಂಗ್ ತಿರುಗಿಸಬೇಕಾಯಿತು. ಅಲ್ಲಿ ಒಂದನ್ನೇ ಒತ್ತಿ ಹೇಳಿದೆ: ಆಯಿಲ್ ಹಿಂದಿರುಗುವ ದಾರಿ ಕೆಳಮುಖವಾಗಿಯೇ ಇರಲಿ. ಆ ಆಯಿಲನ್ನು ಯಾವ ಪಂಪೂ ಎಳೆಯುವುದಿಲ್ಲ, ತನ್ನ ಭಾರದಿಂದ ಇಳಿಯಬೇಕು. ಇಳಿಯದಿದ್ದರೆ ಸೀಲು ದಾಟಿ ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗುತ್ತದೆ. ಚಾಲೂ ಮಾಡುವ ಮುಂಚೆ ಟರ್ಬೊಗೆ ಆಯಿಲ್ ತುಂಬಿಸಿದರು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಒಂದು ಲಾರಿಯಲ್ಲಿ 1 ಮತ್ತು 6ನೇ ಪೋರ್ಟಿನ ಬೋಲ್ಟುಗಳು ಮಾತ್ರ ಮುರಿದಿವೆ, ನಡುವಿನವು ಗಟ್ಟಿಯಾಗಿವೆ; ಹೊಸ ಬೋಲ್ಟು ಹಾಕಿದರೆ ಸಾಕೇ? ಹೆಚ್ಚಿನವರು ಸಾಲದು, ಮ್ಯಾನಿಫೋಲ್ಡಿನ ಉದ್ದ ಅಳೆಯಬೇಕು ಎಂದು ಬರೆದರು. ಗ್ಯಾರೇಜಿನ ಹುಡುಗ ಎರಡು ಸಾಲು ಹೆಚ್ಚು ಬರೆದಿದ್ದ: ಬೋಲ್ಟು ಹಾಕುವ ಮೊದಲು ಹಳೇ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಸುಮ್ಮನೆ ಹಿಡಿದು, ತುದಿಯ ತೂತಿನಲ್ಲಿ ಹೆಡ್ಡಿನ ತೂತು ಪೂರಾ ಕಾಣುತ್ತದೆಯೇ ನೋಡಬೇಕು, ಅಳತೆಪಟ್ಟಿ ಬೇಡ. ಮುಂದಿನ ತಂಡಕ್ಕೆ ಈ ಪಾಠ ಕೊಡುವಾಗ ಆ ಪರೀಕ್ಷೆಯನ್ನು ಮೊದಲ ಅವಧಿಯಲ್ಲೇ ಮಾಡಿಸಲು ಮಾರ್ಗದರ್ಶಕರು ನನ್ನ ಯೋಜನೆಯ ಅಂಚಿನಲ್ಲಿ ಗುರುತು ಹಾಕಿದ್ದಾರೆ.