ವಿಧಾನ ಮೊದಲು, ಊರು ಆಮೇಲೆ

ಮೊಳಕಾಲ್ಮುರಿನಲ್ಲಿ ಮನಸ್ಸಿನ ಡಾಕ್ಟರ ಬಳಿ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಬೆಂಗಳೂರಿಗೆ ಓಡಾಡಲು ಹಣವಿಲ್ಲ ಎಂದು ಬರೆದಿದ್ದೀರಿ. ಎರಡೂ ನಿಜವಾದ ಅಡ್ಡಿಗಳೇ. ಆದರೂ ಯಾರು ಹತ್ತಿರದಲ್ಲಿದ್ದಾರೆ ಎನ್ನುವುದಕ್ಕಿಂತ ಯಾವ ವಿಧಾನ ಬಳಸುತ್ತಾರೆ ಎಂಬುದನ್ನು ಮೊದಲು ನೋಡಿ. ನಿಮ್ಮನ್ನು ಜನರೆದುರು ಕಾಡುವ ಆತಂಕಕ್ಕೆ ಗಟ್ಟಿ ಪುರಾವೆ ಇರುವುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ವಯಸ್ಕರಿಗೆ ಮೊದಲು ಸೂಚಿಸುವುದೂ ಇದನ್ನೇ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ ಭಯವನ್ನು ಸಾಕುತ್ತದೆ. ಆದ್ದರಿಂದ ಭಯವನ್ನು ಹಂತಹಂತವಾಗಿ ಎದುರಿಸುವುದು ಈ ಥೆರಪಿಯ ತಿರುಳು. ವಾರವಿಡೀ ಏನು ಅಭ್ಯಾಸ ಮಾಡಬೇಕೆಂದು ಮೊದಲ ಭೇಟಿಯಲ್ಲೇ ಕೇಳಿ. ಧೈರ್ಯ ತಂದುಕೊಳ್ಳಿ ಎಂಬ ಉಪದೇಶವಷ್ಟೇ ಸಿಕ್ಕರೆ ದಯವಿಟ್ಟು ಬೇರೆಯವರನ್ನು ಹುಡುಕಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದು ವಿಚಾರಿಸುವುದು ನಿಮ್ಮ ಹಕ್ಕು.

ಫೋನಿನಲ್ಲೇ ಚಿಕಿತ್ಸೆ ಪಡೆದರೆ ಮತ್ತೆ ಅಡಗಿ ಕುಳಿತಂತಲ್ಲವೇ ಎಂಬ ನಿಮ್ಮ ಅನುಮಾನ ಸರಿಯಾದದ್ದು. ಮಾತಿನಲ್ಲೇ ನಿಂತರೆ ಹೌದು. ಚಳ್ಳಕೆರೆ ಬಸ್ಸಿನಲ್ಲಿ ಕಂಡಕ್ಟರಿಂದ ಚಿಲ್ಲರೆ ಕೇಳಿ ಪಡೆಯುವುದು, ಸಂತೆಯಲ್ಲಿ ಚೌಕಾಸಿ ಮಾಡುವುದು, ನೆಂಟರ ಮದುವೆಯಲ್ಲಿ ಪಂಕ್ತಿಗೆ ಕೂರುವುದು ಪಾಠವಾದರೆ, ಫೋನು ನಿಮ್ಮನ್ನು ಹೊರಗೇ ಕಳಿಸುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದು ಪೂರ್ಣ ಚಿಕಿತ್ಸೆಯಲ್ಲ, ಮುಂದಿನ ದಾರಿ ಕೇಳಲು ಒಳ್ಳೆಯ ಬಾಗಿಲು. ಗುಟ್ಟಿನ ಚಿಂತೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ: ನಿಮ್ಮ ವಿವರ ಗೋಪ್ಯವಾಗಿಡುವುದು ಚಿಕಿತ್ಸಕರ ಕರ್ತವ್ಯ. ನಿಮ್ಮ ಪಕ್ಕದ ಬಳ್ಳಾರಿಯಲ್ಲಿ 1985ರಲ್ಲೇ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗದಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅದೇ ಕಾರ್ಯಕ್ರಮದ ನೆರವಿಗಾಗಿ ಚಿತ್ರದುರ್ಗ ಜಿಲ್ಲಾಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ಅಲ್ಲಿ ಮಾತ್ರೆ ಬರೆದುಕೊಟ್ಟರೂ ಅಭ್ಯಾಸದ ಪ್ರಶ್ನೆಯನ್ನು ಕೇಳಿಯೇ ಬನ್ನಿ.