ಮನೆಪಾಠ ಹೇಳುವ ತಾಯಿಯ ಪಗಾರ

ಮಗಳನ್ನು ಮನೆಯಲ್ಲೇ ಓದಿಸುತ್ತೇವೆ ಅಂದರೆ ನಮ್ಮೂರು ಜುಗೂಳದ ಜನ ಮೊದಲು ಆಡುವ ಮಾತು, ‘ಫೀ ಉಳೀತು ಬಿಡ್ರಿ’. ಇಂಗ್ಲಿಷ್ ಮಾಧ್ಯಮದ ಶಾಲೆಯ ಫೀ, ವ್ಯಾನು, ಯೂನಿಫಾರ್ಮು, ಬೂಟು ಎಲ್ಲ ಕೂಡಿ ವರ್ಷಕ್ಕೆ 40 ಸಾವಿರದ ಹತ್ತಿರ ಹೋಗುತ್ತಿತ್ತು, ಅದು ನಿಂತದ್ದು ಖರೆ. ಆದರೆ ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಾನು ಕೆಲಸ ಬಿಟ್ಟೆ. ತಿಂಗಳಿಗೆ 14 ಸಾವಿರದಂತೆ ವರ್ಷಕ್ಕೆ 1,68,000 ರೂಪಾಯಿ, ಅದರ ಜೊತೆಗೆ ಪಿಎಫ್, ಎರಡೂ ನಿಂತವು. ಕೈಬಿಟ್ಟ ಈ ಪಗಾರದ ಅಂಕಿಯನ್ನು ಯಾರೂ ಕೇಳುವುದಿಲ್ಲ. ಮನೆಪಾಠದ ನಿಜವಾದ ಖರ್ಚು ಇದೇ.

ಮಗಳು ಒಂದನೇ ತರಗತಿಗೆ ಸೇರಿದ್ದು 2019ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಕೃಷ್ಣೆ ಊರೊಳಗೆ ಬಂದಳು. ಮರುವರ್ಷ ಕೊರೋನಾ, 2021ರ ಜುಲೈನಲ್ಲಿ ಮತ್ತೆ ಮಹಾಪೂರ. ಶಾಲೆ ಮುಚ್ಚಿದ ಆ ಕಾಲದಲ್ಲಿ ಮುಂಜಾನೆಯ ಪ್ರಾರ್ಥನೆ ಮುಗಿಸಿ ಅದೇ ಚಾಪೆಯ ಮೇಲೆ ಅಕ್ಷರ, ಮಗ್ಗಿ ಹೇಳಿಕೊಟ್ಟೆ. ಕನ್ನಡ ಬೈಬಲಿನ ಕೀರ್ತನೆಗಳನ್ನು ಕೂಡಿಸಿ ಕೂಡಿಸಿ ಓದುತ್ತಲೇ ಅವಳಿಗೆ ಓದು ಕೂತಿತು. ದೇವರನ್ನೂ ಗಣಿತವನ್ನೂ ಒಂದೇ ಬಾಯಿಂದ ಕಲಿಸುವ ಈ ಭಾಗ್ಯ ಬಿಡಲು ನನಗೂ ನಮ್ಮ ಮನೆಯವರಿಗೂ ಮನಸ್ಸಾಗಲಿಲ್ಲ.

ಪುಸ್ತಕಕ್ಕೆ ಬಹಳ ಹಣ ಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಎಲ್ಲ ತರಗತಿಗಳ ಪುಸ್ತಕಗಳೂ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದ ಕ್ರೈಸ್ತ ಕುಟುಂಬಗಳು ಬಳಸುವ ಅಬೇಕಾ, ಎಸಿಇ ಪಠ್ಯಗಳನ್ನು ಡಾಲರ್ ಕೊಟ್ಟು ತರಿಸುವವರೂ ಇದ್ದಾರೆ. ನನಗೆ ಅದು ಬೇಡ. ವಿಶ್ವಾಸ ಕಲಿಸಲು ಕನ್ನಡ ಬೈಬಲ್ ಸಾಕು, ಊರು ಕಲಿಸಲು ಹೊಲ, ಹೊಳೆ ಇವೆ. ನೋಟ್‌ಬುಕ್, ಪ್ರಿಂಟು, ಬಣ್ಣ ಅಂತ ವರ್ಷಕ್ಕೆ 4 ಸಾವಿರ. ಇನ್ನೊಂದು ಅನುಕೂಲ ನಮ್ಮಂತೆ ಕಬ್ಬು ಬೆಳೆಯುವವರಿಗೆ ಬೇಗ ತಿಳಿದೀತು. ಶಾಲೆ ಫೀ ಕೇಳುವುದು ಜೂನ್‌ನಲ್ಲಿ, ಆಗ ರೈತನ ಕೈ ಬೀಜ, ಗೊಬ್ಬರಕ್ಕೆ ಖಾಲಿಯಾಗಿರುತ್ತದೆ. ಕಬ್ಬಿನ ಬಿಲ್ಲು ಬರುವುದು ಕ್ರಿಸ್ಮಸ್‌ನಿಂದ ಈಸ್ಟರ್‌ವರೆಗೆ. ಫೀಗಾಗಿ ಜೂನ್‌ನಲ್ಲಿ ಕೈಗಡ ಮಾಡಿ ಬಡ್ಡಿ ಕಟ್ಟುವ ಗೋಳು ನಮಗೆ ತಪ್ಪಿತು.

ಮನೆಯ ಓದು, ಹಣ ಎರಡರ ಮಾತು ಒಟ್ಟಿಗೆ ಬಂದಾಗ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ, ತಾಯಿ ಲಕ್ಷ್ಮೀಬಾಯಿಯ ಬಾಯಿಂದಲೇ ಸಂಸ್ಕೃತ ಕಲಿತವರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರಿಗೆ ಬಿರುದು ಕೊಟ್ಟರು, 1883ರಲ್ಲಿ ಅವರು ಕ್ರೈಸ್ತರಾದರು. ಮನೆಯ ಓದಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅದೇ ತಾಯಿ, ತಂದೆ ಬರಗಾಲದಲ್ಲಿ ಹಸಿದು ಸತ್ತರು. ಇದ್ದ ಹಣ ಯಾತ್ರೆ, ದಾನಗಳಲ್ಲಿ ಕರಗಿತ್ತು, ಗಳಿಸುವ ದಾರಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವಿದ್ಯೆ ಕೊಟ್ಟ ತಾಯಿಯ ಹೆಸರಿನಲ್ಲಿ ನಾಲ್ಕು ಕಾಸು ಇರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹಾಗಾಗಿ ನಮ್ಮ ಮನೆಯ ಖಾತೆಪುಸ್ತಕದಲ್ಲಿ ನನ್ನ ಪಗಾರಕ್ಕೆ ಒಂದು ಸಾಲಿದೆ. ಕಬ್ಬಿನ ಬಿಲ್ಲು ಬಂದ ದಿನ ಮೊದಲು ದೇವರಿಗೆಂದು ದಶಾಂಶ ತೆಗೆದಿಡುತ್ತೇವೆ, ಅದರ ಹಿಂದೆಯೇ ನನ್ನ 36 ಸಾವಿರ. ಪುಸ್ತಕದ 4 ಸಾವಿರ ಸೇರಿಸಿದರೆ ಫೀಯಲ್ಲಿ ಉಳಿದ 40 ಸಾವಿರ ಅಲ್ಲಿಗೆ ಮುಗಿಯಿತು. ನನ್ನ ಪಾಲು ನನ್ನ ಹೆಸರಿನ ಎನ್‌ಪಿಎಸ್ ಪಿಂಚಣಿ ಖಾತೆಗೆ ಹೋಗುತ್ತದೆ. ಅದರಲ್ಲಿ ವರ್ಷಕ್ಕೆ 1,000 ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ, ಬರದ ವರ್ಷಕ್ಕೆ ಅದೇ ಆಸರೆ. ಬಹಳ ವರ್ಷ ಸುಲಭಕ್ಕೆ ಮುಟ್ಟಲಾಗದ ಹಣ ಎಂಬ ಕಾರಣಕ್ಕೇ ಆರಿಸಿಕೊಂಡೆ, ಇಲ್ಲವಾದರೆ ಪೈಪ್‌ಲೈನಿಗೆ, ಮೋಟಾರಿಗೆ ಅಂತ ಹೊಲ ಅದನ್ನು ನುಂಗುತ್ತದೆ. ನರ್ಸಿಂಗ್ ನೋಂದಣಿಯನ್ನೂ ನವೀಕರಿಸುತ್ತ ಬಂದಿದ್ದೇನೆ. ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಬೇರೆ ಹಣ. ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕು, 250 ರೂಪಾಯಿಯಿಂದಲೂ ಶುರು ಮಾಡಬಹುದು.

ತೆರಿಗೆ ಕಟ್ಟುವ ಮನೆಗಳಿಗೆ ಒಂದು ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿ ಮಕ್ಕಳ ಓದಿನ ಖರ್ಚಿಗೆ ಸಿಗುವ ವಿನಾಯಿತಿ ಶಾಲೆ, ಕಾಲೇಜಿಗೆ ಕಟ್ಟಿದ ಬೋಧನಾ ಶುಲ್ಕಕ್ಕೆ ಮಾತ್ರ, ಮನೆಪಾಠದ ಯಾವ ಖರ್ಚಿಗೂ ಸಿಗುವುದಿಲ್ಲ.

‘ಅಲ್ಲವಾ, ನಾಳೆ ಸಾಲಿ ದಾಖಲೆ ಕೇಳಿದ್ರ ಏನ್ ತೋರಸ್ತಿ?’ ಅಂತ ಅತ್ತಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮಿನಂತೆ 14 ವರ್ಷದೊಳಗೆ ಯಾವಾಗ ಕರೆದೊಯ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಐದು ವರ್ಷದೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಲೂ ಅವಕಾಶವಿದೆ. ಮಗಳಿಗೆ ನಾವು ಹಿಡಿದ ದಾರಿ ಇದು.

ನಮಗೆ ಒಬ್ಬ ಮಗನೂ ಇದ್ದಾನೆ. ಅವನಿಗೆ ಬೇರೆ ದಾರಿ, ಅದಕ್ಕೂ ಕಾರಣ ಹಣವೇ. ವೃತ್ತಿ ಕೋರ್ಸುಗಳಿಗೆ ನಮ್ಮ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಎರಡಕ್ಕೂ 1ರಿಂದ 10ನೇ ತರಗತಿಯ ಓದು ಶಾಲೆಯಲ್ಲೇ ಆಗಿರಬೇಕು, ಅದಕ್ಕೆ ಶಾಲೆಯ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೇಕು. ಸರಕಾರಿ ಸೀಟಿಗೆ ಕರ್ನಾಟಕದ ಶಾಲೆ, ಕಾಲೇಜಿನಲ್ಲಿ ಒಟ್ಟು ಕನಿಷ್ಠ 7 ವರ್ಷ ಓದಿರಬೇಕೆಂಬ ಕಲಮೂ ಸಾಮಾನ್ಯವಾಗಿ ಎಲ್ಲರಿಗೂ ಬರುವಂಥದ್ದು. ಸರಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ನಡುವಿನ ಅಂತರ ಲಕ್ಷಗಳಲ್ಲಿ. ಎರಡು ಎಕರೆ ಕಬ್ಬಿನಿಂದ ಅದನ್ನು ತುಂಬಲಾಗದು. ಮಧ್ಯದಲ್ಲಿ ಶಾಲೆಗೆ ಸೇರಿಸಿದರೆ ಈ ಮೀಸಲು ಮರಳಿ ಬರುವುದಿಲ್ಲ, ಹಾಗಾಗಿ ಇದನ್ನು ಮಗುವಿಗೆ ಆರು ತುಂಬುವ ಮುಂಚೆಯೇ ಕೂತು ಲೆಕ್ಕ ಹಾಕಬೇಕು. ಮಗಳಿಗೆ ಸಂಗೀತದ ಒಲವು, ಅವಳಿಗೆ ಸಿಇಟಿಯ ದಾರಿ ಬೇಕಿಲ್ಲ. ಮಗನ ಒಲವು ಇನ್ನೂ ತಿಳಿಯದು, ಅವನ ಪರವಾಗಿ ಆ ಬಾಗಿಲು ಮುಚ್ಚುವ ಹಕ್ಕು ನನಗಿಲ್ಲ.

ಬರುವ ಜೂನ್‌ನಲ್ಲಿ ಅವನು ಊರಿನ ಸರಕಾರಿ ಕನ್ನಡ ಶಾಲೆಗೆ ಹೋಗುತ್ತಾನೆ. ಪುಸ್ತಕ, ಯೂನಿಫಾರ್ಮು, ಬಿಸಿಯೂಟ, ಹಾಲು ಅಲ್ಲಿ ಪುಕ್ಕಟೆ. ಮುಂಜಾನೆಯ ಪ್ರಾರ್ಥನೆ, ಸಂಜೆಯ ಬೈಬಲ್ ಪಾಠ ಮನೆಯಲ್ಲೇ ನಡೆಯುತ್ತವೆ, ನನ್ನ 36 ಸಾವಿರವೂ ಮೊದಲಿನಂತೆಯೇ.