ಬರೆಯುವ ಮುಂಚೆ ಪೂರ್ತಿ ಓದು

ಚೆನ್ನೈನ ತ್ರಿಪ್ಲಿಕೇನಿನ ಮ್ಯಾನ್ಶನ್‌ಗಳಲ್ಲಿ ರೂಮು ಹಿಡಿದು ಜಿಆರ್‌ಇ, ಕ್ಯಾಟ್ ಎಂದು ಓದುತ್ತಿರುವ ನಮ್ಮ ಕಡೆಯ ಹುಡುಗರು ಲೆಕ್ಕ ಕೇಳಲು ನನ್ನ ಹತ್ತಿರ ಬರುವುದುಂಟು. ಎಲ್ಲರದೂ ಒಂದೇ ಮಾತು: "ಸರ್, ಸಮೀಕರಣ ಕೊಟ್ಟರೆ ಬಿಡಿಸ್ತೀನಿ, ವರ್ಡ್ ಪ್ರಾಬ್ಲಮ್ ಬಂದರೆ ಕೈ ಓಡಲ್ಲ." ನಿನಗೂ ಹಾಗೇ ಆಗುತ್ತಿದ್ದರೆ ಕೇಳು ಮಗೂ. ಸಮೀಕರಣ ಬಿಡಿಸಲು ಬರುವವನಿಗೆ ಗಣಿತ ಬರುತ್ತದೆ. ಅರ್ಧ ಓದಿದ ಕೂಡಲೇ ಪೆನ್ನು ಹಿಡಿಯುತ್ತೀಯಲ್ಲ, ಎಡವಟ್ಟಾಗುವುದು ಅಲ್ಲೇ.

ಒಂದು ಹಳೆಯ ಲೆಕ್ಕ ಕೊಡುತ್ತೇನೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿರುವುದು. ನೀನಿರುವ ಜಾಗಕ್ಕೂ ಆ ಗ್ರಂಥಕ್ಕೂ ನಂಟಿದೆ. ನಿನ್ನ ರೂಮಿನಿಂದ ಕಡಲಿನ ಕಡೆಗೆ ನಡೆದರೆ ಪ್ರೆಸಿಡೆನ್ಸಿ ಕಾಲೇಜು ಸಿಗುತ್ತದಲ್ಲ, ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರೇ ಸಂಸ್ಕೃತ ಮೂಲವನ್ನು ಇಂಗ್ಲಿಷ್ ಅನುವಾದದ ಜೊತೆ ಸಿದ್ಧಪಡಿಸಿದವರು. 1912ರಲ್ಲಿ ಅದು ಮದರಾಸಿನಲ್ಲೇ ಅಚ್ಚಾಯಿತು.

ಲೆಕ್ಕದ ಸಾರ ಇಷ್ಟು. ಗಂಡಹೆಂಡಿರ ಸರಸದಲ್ಲಿ ಮುತ್ತಿನ ಹಾರ ಹರಿಯಿತು. ಮುತ್ತುಗಳಲ್ಲಿ ಮೂರನೇ ಒಂದು ಪಾಲು ದಾಸಿಯ ಬಳಿಗೆ ಹೋದವು, ಆರನೇ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಮಿಕ್ಕಿದ್ದರಲ್ಲಿ ಅರ್ಧ, ಮತ್ತೆ ಮಿಕ್ಕಿದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲಿದವು. ಕೊನೆಗೆ ಉಳಿದದ್ದು 1161. ಒಟ್ಟು ಎಷ್ಟಿದ್ದವು?

'ಎಕ್ಸ್ ಇರಲಿ' ಎಂದು ಶುರು ಮಾಡಿದರೆ ಭಿನ್ನರಾಶಿಗಳ ರಾಶಿಯೇ ಬೀಳುತ್ತದೆ. ಸ್ವಲ್ಪ ತಡೆ. ಮೂರನೇ ಒಂದು, ಆರನೇ ಒಂದು: ಇವು ಇಡೀ ಹಾರದ ಪಾಲು, ಎರಡೂ ಸೇರಿ ಸರಿಯಾಗಿ ಅರ್ಧ. ಆಮೇಲಿನ ಅರ್ಧಗಳು ಮಾತ್ರ ಮಿಕ್ಕಿದ್ದರ ಪಾಲು. ಹಾಗಾದರೆ ಹಿಂದಿನಿಂದ ಬಾ. 1161ನ್ನು ಆರು ಸಲ ಇಮ್ಮಡಿಸು: 74,304. ಇದು ಹಾರದ ಅರ್ಧ. ಇನ್ನೊಮ್ಮೆ ಇಮ್ಮಡಿಸಿದರೆ 1,48,608. ಎಕ್ಸ್ ಬೇಕಾಗಲೇ ಇಲ್ಲ ನೋಡು. 'ಯಾವುದರಲ್ಲಿ ಅರ್ಧ?' ಎಂದು ಕೇಳಿಕೊಂಡದ್ದಷ್ಟೇ. ಶೇಕಡಾ, ಲಾಭ ನಷ್ಟ, ಮಿಶ್ರಣ, ಯಾವ ಲೆಕ್ಕ ಬಂದರೂ ಮೊದಲು ಕೇಳಬೇಕಾದದ್ದು ಇದನ್ನೇ.

ಸರಾಸರಿಯಲ್ಲೂ ಇದೇ ಕಥೆ. ತಾಂಬರಂಗೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಿ 20ರಲ್ಲಿ ವಾಪಸು ಬಂದರೆ ಸರಾಸರಿ ವೇಗ ಎಷ್ಟು? 25 ಎಂದು ಬಾಯಿಗೆ ಬರುತ್ತದೆ. ಪ್ರಶ್ನೆ ತೆಗೆಯುವವರಿಗೂ ಅದು ಗೊತ್ತು, ಅದಕ್ಕೇ 25ನ್ನು ಆಯ್ಕೆಗಳಲ್ಲಿ ಇಟ್ಟಿರುತ್ತಾರೆ. ನಿಧಾನವಾಗಿ ಬಂದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆದಿದ್ದೀಯಲ್ಲ! ದೂರ ಎಷ್ಟಾದರೂ ಉತ್ತರ ಬದಲಾಗದು, ಆದ್ದರಿಂದ ಸುಲಭಕ್ಕೆ 60 ಎಂದಿಟ್ಟುಕೋ. ಹೋಗಲು ಎರಡು ಗಂಟೆ, ಬರಲು ಮೂರು. 120ನ್ನು 5ರಿಂದ ಭಾಗಿಸಿದರೆ 24.

ಓದುತ್ತಾ ಕೂರಲು ಟೈಮ್ ಎಲ್ಲಿದೆ ಎನ್ನುತ್ತೀಯ. ಜಿಆರ್‌ಇ ಗಣಿತದಲ್ಲಿ 47 ನಿಮಿಷಕ್ಕೆ 27 ಪ್ರಶ್ನೆ, ಒಂದಕ್ಕೆ ಎರಡು ನಿಮಿಷವೂ ಇಲ್ಲ, ನಿಜ. ಆದರೆ ತೆರೆಯ ಮೇಲೆ ಕ್ಯಾಲ್ಕುಲೇಟರನ್ನು ಅವರೇ ಕೊಡುತ್ತಾರೆ. ಗುಣಾಕಾರವನ್ನು ಯಂತ್ರಕ್ಕೆ ಬಿಟ್ಟ ಮೇಲೆ ಅವರು ಪರೀಕ್ಷಿಸುವುದು ನಿನ್ನ ಓದನ್ನೇ. ಮೊದಲ ಅರ್ಧ ನಿಮಿಷ ಓದಿಗೇ ಇರಲಿ. ಕೇಳಿದ್ದು ಏನು ಎಂಬುದನ್ನು ಹಾಳೆಯ ಮೂಲೆಯಲ್ಲಿ ಎರಡು ಪದದಲ್ಲಿ ಗೀಚಿಕೋ. ಮಗಳ ವಯಸ್ಸು ಕೇಳಿದರೆ ಅಪ್ಪನ ವಯಸ್ಸನ್ನು ಗುರುತು ಹಾಕಿ ಬರುವವರು ಬಹಳ ಜನ.

1914ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತುವ ಮುಂಚೆ ರಾಮಾನುಜನ್ ಇದೇ ತ್ರಿಪ್ಲಿಕೇನಿನ ಹನುಮಂತರಾಯನ್ ಕೋಯಿಲ್ ಬೀದಿಯಲ್ಲಿದ್ದರು. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಏರಿಸುತ್ತಿದ್ದವರು ಅವರು. ನೀನು ಮಾತ್ರ ಒರೆಸಬೇಡ. ತಪ್ಪಿದ ಲೆಕ್ಕಕ್ಕೇ ಒಂದು ನೋಟ್‌ಬುಕ್ ಇಡು. ಎಲ್ಲಿ ಜಾರಿದೆ, ಓದಿನಲ್ಲೋ ಕೂಡುವುದರಲ್ಲೋ ಎಂದು ಪಕ್ಕದಲ್ಲಿ ಬರೆ. ವಾರ ಬಿಟ್ಟು ಉತ್ತರ ನೋಡದೆ ಅದನ್ನೇ ಮತ್ತೆ ಮಾಡು. ಹೊಸ ನೂರು ಲೆಕ್ಕಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತೀಯ.

ಇವತ್ತು ರಾತ್ರಿ ಐದೇ ಲೆಕ್ಕ ತೆಗೆದುಕೋ. ಪ್ರತಿಯೊಂದನ್ನೂ ಬಿಡಿಸುವ ಮೊದಲು ರೂಮ್‌ಮೇಟಿಗೆ ಕನ್ನಡದಲ್ಲೋ ತಮಿಳಿನಲ್ಲೋ ಬಾಯಿಬಿಟ್ಟು ಹೇಳು. ಹೇಳಲು ಬಾರದ ಲೆಕ್ಕ ಇನ್ನೂ ಅರ್ಥವಾಗಿಲ್ಲ ಎಂದೇ ತಿಳಿ. ಅಂಥದ್ದನ್ನು ಗುರುತು ಮಾಡಿಕೊಂಡು ನಾಳೆ ಸಂಜೆ ನನ್ನ ಹತ್ತಿರ ಬಾ, ಇಬ್ಬರೂ ಕೂತು ಓದೋಣ.